ಒಂದು ಕಣ್ಣಿನ ಸಿಗಡಿಗಳು

ನಾನು ಒಂದನ್ನೂ ಸಮುದ್ರಕ್ಕೆ ಬಿಡಲಿಲ್ಲ, ಶೇವಂತಿಬಾಯಿ. ಬಿಟ್ಟೆ ಅಂತ ನಿಮಗೆ ಹೇಳಿದ್ದೆಲ್ಲ ಸುಳ್ಳು.

ಅಂಕೋಲೆಯ ಕಡಲಂಚಿನ ಸಿಗಡಿ ಮರಿ ಕೇಂದ್ರಕ್ಕೆ ನಾನು ಮ್ಯಾನೇಜರಾಗಿದ್ದೆ. ಮೊಟ್ಟೆ ತುಂಬಿದ ತಾಯಿ ಸಿಗಡಿಗಳನ್ನು ಜೀವಂತ ಹುಡುಕಿ ತರುವುದೂ ನನ್ನದೇ ಕೆಲಸ. ದೋಣಿಯಿಂದ ದೋಣಿಗೆ ಅಲೆಯುತ್ತಿದ್ದೆ. ನಿಮ್ಮ ಗಂಡನ ಬಲೆಗೆ ಅವು ಬೀಳುತ್ತಿದ್ದವು, ಆದರೆ ನೀವು ಯಾರಿಗೂ ಮಾರುತ್ತಿರಲಿಲ್ಲ. ದೋಣಿ ಮಗುಚಿ ಅವರು ಎರಡು ದಿನ ಕಾಣೆಯಾದಾಗ ನೀವು ಹೊತ್ತ ಹರಕೆ ಅದು — ಗಂಡ ಬದುಕಿ ಬಂದರೆ, ಮೊಟ್ಟೆ ತುಂಬಿದ ಜೀವವನ್ನು ಎಂದೂ ಕೊಲ್ಲುವುದಿಲ್ಲ, ತಿರುಗಿ ನೀರಿಗೇ ಬಿಡುತ್ತೇನೆ ಅಂತ. ನನಗದು ಗೊತ್ತಿತ್ತು. ಗೊತ್ತಿದ್ದೇ ಕೇಳಿದೆ.

“ಮೊಟ್ಟೆ ಇಟ್ಟದ್ದೇ ತಿರುಗಿ ಬಿಡ್ತೀರಿ ಅಲ್ರಾ, ಸಾಹೇಬ್ರೆ?” ಎಂದಿರಿ.

“ನನ್ನ ಕೈಯಾರೆ ಬಿಡ್ತೇನೆ,” ಎಂದೆ.

ನೀವು ದುಡ್ಡು ಮುಟ್ಟಲಿಲ್ಲ. ಬಕೆಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ ನೀವೇ ಹೊತ್ತು ತರುತ್ತಿದ್ದಿರಿ. ನಾನು — ಹೇಗೆ ಹೇಳಲಿ — ಒಮ್ಮೆ ಮೊಟ್ಟೆ ಇಟ್ಟದ್ದು ಬೇಗ ಮತ್ತೆ ಇಡಲಿ ಎಂದು ಅದರ ಒಂದು ಕಣ್ಣು ಕತ್ತರಿಸುತ್ತಿದ್ದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುತ್ತಾರೆ. ಆದರೆ ಎಲ್ಲರೂ ನಿಮಗೆ ಮಾತು ಕೊಟ್ಟಿರಲಿಲ್ಲ. ಎರಡು ಮೂರು ಸಲ ಮೊಟ್ಟೆ ಇಟ್ಟು ಅವು ಸೋತ ಮೇಲೆ ಮನೆಗೆ ಒಯ್ದು ಸಾರು ಮಾಡಿಸುತ್ತಿದ್ದೆ.

ಮಗಳ ಮದುವೆಗೆ ಕರೆಯಲು ನೀವು ಹಬ್ಬುವಾಡದ ನಮ್ಮ ಮನೆಗೆ ಬಂದ ಬೆಳಿಗ್ಗೆ, ನನ್ನ ಹೆಂಡತಿ ಹಿತ್ತಿಲಲ್ಲಿ ಸಿಗಡಿ ಸೋಸುತ್ತಿದ್ದಳು. “ಕೊಡಿ ಬಾಯೋರೆ, ನಾ ಬೇಗ ಮಾಡಿ ಕೊಡ್ತೆ,” ಅಂತ ನೀವು ಪಕ್ಕದಲ್ಲೇ ಕೂತಿರಿ. ಒಂದರ ತಲೆ ಮುರಿದಿರಿ, ಇನ್ನೊಂದರದು. ಮೂರನೆಯದಕ್ಕೆ ಕೈ ನಿಂತಿತು.

“ಎಲ್ಲದಕ್ಕೂ ಒಂದೇ ಕಣ್ಣು ಎಂತಕ್ಕೆ?”

“ಪೇಟೆಯಿಂದ ತಂದದ್ದು,” ಎಂದೆ. ಮೀನು ಪೇಟೆಯಲ್ಲೇ ಬೆಳೆದು, ಅಲ್ಲಿ ಒಂದು ಕಣ್ಣಿನ ಸಿಗಡಿಯನ್ನು ಎಂದೂ ಕಾಣದವರಿಗೆ ಹೇಳುವ ಮಾತೇ ಇದು? ನಾಚಿಕೆ ಬೇಡವೇ ನನಗೆ?

ನೀವು ಬೈಯಲಿಲ್ಲ. ಕೈ ತೊಳೆದು, ನನ್ನ ಹೆಂಡತಿಗೆ ಮದುವೆ ಕಾಗದ ಕೊಟ್ಟು, “ನಂಬಿ ಕೊಟ್ಟಿದ್ನಲ್ರಾ,” ಎಂದಷ್ಟೇ ಹೇಳಿ ಹೋದಿರಿ.

ಆಮೇಲೆ ನಿಮ್ಮ ಬಕೆಟ್ಟು ಬರಲಿಲ್ಲ. ನೀವು ಬಂದಿರಿ — ದಿನಾ ಸಂಜೆ, ದಂಡೆಗೆ. ಗಂಡನ ದೋಣಿ ಕಾಣುವ ತನಕ ನಿಂತೇ ಇರುತ್ತಿದ್ದಿರಿ. ಮೊದಲು ಹಾಗೆ ನಿಂತವರಲ್ಲ. ಹರಕೆ ಕಾಯುತ್ತದೆ ಎಂಬ ಧೈರ್ಯವಿತ್ತು. ಆ ಧೈರ್ಯವನ್ನು ತಿಂದವನು ನಾನು. ಹರಕೆ ತಪ್ಪಿತು, ತಪ್ಪೆಲ್ಲ ನಿಮ್ಮದೇ ಎಂದು ನೀವು ಕೊರಗುತ್ತಿದ್ದದ್ದು ನೆರೆಯ ಹೆಂಗಸರಿಂದ ನನಗೆ ತಿಳಿಯಿತು. ಆಫೀಸಿನ ಕಿಟಕಿಯಿಂದ ನಿಮ್ಮನ್ನು ನೋಡುತ್ತಿದ್ದೆ. ಹೊರಗೆ ಬಂದು ಒಂದು ಮಾತು — ಇಲ್ಲ, ಬರಲಿಲ್ಲ.

ನಾನು ನಿವೃತ್ತನಾಗಿ ವರ್ಷಗಳಾದವು. ನಿಮ್ಮ ಗಂಡ ಈ ವಯಸ್ಸಿನಲ್ಲೂ ಕಡಲಿಗೆ ಹೋಗುತ್ತಾರಂತೆ. ನೀವು ಈಗಲೂ ನಿಲ್ಲುತ್ತೀರಂತೆ.

ನಾಳೆ ಸಂಜೆ ದಂಡೆಗೆ ಬರುತ್ತೇನೆ. ಕ್ಷಮಿಸಿ ಎನ್ನುವ ಮುಖ ನನಗಿಲ್ಲ. ಒಂದೇ ಮಾತು ಹೇಳಬೇಕು — ಹರಕೆ ಮುರಿದವರು ನೀವಲ್ಲ, ನಾನು. ಅಷ್ಟು ಹೇಳಿ, ನಿಮ್ಮ ಗಂಡನ ದೋಣಿ ದಡ ಸೇರುವ ತನಕ ನಾನೂ ನಿಲ್ಲುತ್ತೇನೆ. ನೀವು ದೂರ ಹೋಗು ಎಂದರೆ, ದೂರದಲ್ಲಿ.