ಅರ್ಧ ಓದಿದ ಸುದ್ದಿ

ಪಂಡಿತರ ಬಲಗೈ ಹೆಬ್ಬೆರಳು ಯಾವಾಗಲೂ ಹಸಿರಾಗಿರುತ್ತಿತ್ತು. ಸೊಪ್ಪು ಹಿಂಡಿ ಹಿಂಡಿ ಆ ಬಣ್ಣ ಉಗುರಿನ ಸಂದಿಗೂ ಇಳಿದಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದು. ನಾನು ಸಿಂಗಸಂದ್ರಕ್ಕೆ ಸೊಸೆಯಾಗಿ ಬಂದಾಗ ಹೊಸೂರು ರಸ್ತೆಯುದ್ದಕ್ಕೂ ಹೊಸ ಕಾರ್ಖಾನೆಗಳಿಗೆ ಪಾಯ ತೋಡುತ್ತಿದ್ದರು. ನಮ್ಮ ಹಿತ್ತಿಲ ಬೇಲಿಯಾಚೆ ಅವರ ಮನೆ. ನಾಟಿ ಔಷಧಿ ಕೊಡುತ್ತಿದ್ದರಿಂದ ಊರಿಗೆಲ್ಲ ಅವರು ಪಂಡಿತರು.

ಅವರ ಬಾವಿಕಟ್ಟೆಯ ಪಕ್ಕ ನಾಲ್ಕು ಗಾಂಜಾ ಗಿಡಗಳಿದ್ದವು. ಅವರ ಬಾಯಲ್ಲಿ ಅದು ಭಂಗಿ ಸೊಪ್ಪು. ಎಲೆಯನ್ನು ಏಳು ನೀರಿನಲ್ಲಿ ತೊಳೆದು, ತುಪ್ಪದಲ್ಲಿ ಬಾಡಿಸಿ, ಬೆಲ್ಲ ಮೆಣಸು ಸೇರಿಸಿ ಅರೆದು, ಕಡಲೆಕಾಳಿನಷ್ಟು ಗುಳಿಗೆ ಕಟ್ಟೋರು. ನಮ್ಮ ಅತ್ತೆಗೆ ಹೊಟ್ಟೆಯಲ್ಲಿ ಗೆಡ್ಡೆ. ಆಸ್ಪತ್ರೆಯವರು ಇನ್ನೇನೂ ಮಾಡುವುದಕ್ಕಿಲ್ಲವೆಂದು ಮನೆಗೆ ಕಳಿಸಿದ್ದರು. ಆ ಗುಳಿಗೆ ನುಂಗಿದರೆ ಮಾತ್ರ ನಾಲ್ಕು ತುತ್ತು ಮುದ್ದೆ ಇಳಿಯುತ್ತಿತ್ತು, ಕಣ್ಣಿಗೆ ನಿದ್ದೆ ಹತ್ತುತ್ತಿತ್ತು. ದಿನಕ್ಕೊಂದೇ ಗುಳಿಗೆ, ದೀಪ ಹಚ್ಚುವ ಹೊತ್ತಿಗೆ ಪಂಡಿತರೇ ತಂದು ಕೊಡುತ್ತಿದ್ದರು. "ಒಂದು ಡಬ್ಬಿ ತುಂಬ ಕೊಟ್ಬಿಡಿ" ಅಂದರೆ, "ಡಬ್ಬಿ ಕೊಟ್ರೆ ಕಾಯಿಲೆ ನೋಡೋಕೆ ಯಾರು ಬತ್ತಾರವ್ವ?" ಅನ್ನೋರು.

ಕಾರ್ಖಾನೆ ಕಟ್ಟುವ ಕೆಲಸದ ಹುಡುಗರಿಬ್ಬರು ಒಮ್ಮೆ ಬೇಲಿ ಹತ್ತಿರ ನಿಂತು, "ಏನ್ ಗುರು, ಸೇದೋಕೆ ಒಂಚೂರು ಸಿಗತ್ತಾ?" ಎಂದರು.

"ಸಿಗ್ತದೆ ಬಾರೋ ಮಗಾ. ಮೊದ್ಲು ಒಂದು ಲೋಟ ಭೇದಿ ಕಷಾಯ ಕುಡಿ. ಆಮ್ಯಾಕೆ ಸೇದೋಕೆ ಪುರುಸೊತ್ತಿದ್ರೆ ಕೊಡ್ತೀನಿ."

ಅವರು ಮತ್ತೆ ಆ ಕಡೆ ಸುಳಿಯಲಿಲ್ಲ.

ಪಂಡಿತರಿಗೆ ಓದು ಬರದು. ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕೂತರೆ ನಾನು ಪತ್ರಿಕೆ ಓದಿ ಹೇಳಬೇಕು. ದೆಹಲಿಯಲ್ಲಿ ಮಾದಕ ವಸ್ತುಗಳ ಮೇಲೆ ಹೊಸ ಕಾನೂನು ಬರುತ್ತದೆ ಎಂಬ ಮಾತೆದ್ದಾಗಿನಿಂದ ಅವರು ಕೇಳುತ್ತಿದ್ದುದು ಒಂದೇ: "ನಮ್ ಗಿಡದ್ದು ಏನಾರ ಬರ್ದವ್ರಾ?" ಭಂಗಿ ಬೆಳೆಯಲು ಅವರಪ್ಪನ ಹೆಸರಿಗೆ ಕೊಟ್ಟಿದ್ದ ಹಳೆಯ ಅಬಕಾರಿ ಪರವಾನಗಿ ಚೀಟಿಯೊಂದು ಅವರ ಪೆಟ್ಟಿಗೆಯಲ್ಲಿತ್ತು, ಮೊಹರು ಮಾಸಿದ್ದು. ಕೊಟ್ಟ ಸರ್ಕಾರವೇ ಇನ್ನೊಂದು ಕೊಡುತ್ತದೆ ಎಂದು ನಂಬಿದ್ದರು.

ಒಂದು ಬೆಳಿಗ್ಗೆ ಸುದ್ದಿ ಬಂತು. ಮಸೂದೆ ಪಾಸಾಗಿ ಕಾನೂನು ಜಾರಿಗೆ ಬಂದಿತ್ತು. ಗಾಂಜಾ ಬೆಳೆದವರಿಗೆ, ಮಾರಿದವರಿಗೆ ವರ್ಷಗಟ್ಟಲೆ ಜೈಲು. ಓದುತ್ತಾ ನನ್ನ ದನಿ ತಗ್ಗಿತು. ಕೆಳಗೆ ಇನ್ನೊಂದು ಮಾತು: ಔಷಧಿಗಾದರೆ ಸರ್ಕಾರದ ಅನುಮತಿ ಪಡೆಯಬಹುದು. ಅಷ್ಟರಲ್ಲಿ ಒಳಗೆ ಸ್ಟವ್ ಮೇಲಿನ ಹಾಲು ಉಕ್ಕಿತು. ಓಡಿಹೋಗಿ ಬರಿಗೈಯಲ್ಲೇ ಪಾತ್ರೆ ಇಳಿಸಿ ಬೆರಳು ಸುಟ್ಟುಕೊಂಡೆ. ಪಂಡಿತರು ಹಿತ್ತಿಲಿಂದ ಲೋಳೆಸರ ಮುರಿದು ತಂದು ಹಚ್ಚಿದರು. ಆ ಗಡಿಬಿಡಿಯಲ್ಲಿ ಪತ್ರಿಕೆ ಅಲ್ಲೇ ಉಳಿಯಿತು. "ಔಷಧಿಗೆ ಅಡ್ಡಿಯಿಲ್ಲವಂತಲ್ಲ ಪಂಡಿತರೇ, ಹೋಗಿ ಬರೆಸಿಕೊಂಡು ಬಂದ್ಬಿಡಿ" ಎಂದೆ.

ಮಾರನೆಯ ದಿನ ಒಗೆದ ಪಂಚೆ ಉಟ್ಟು, ಹಳೆಯ ಚೀಟಿಯ ಜೊತೆಗೆ ಬಾಳೆಲೆಯಲ್ಲಿ ಸುತ್ತಿದ ಒಂದು ಕೊಂಬೆಯನ್ನೂ ಹಿಡಿದು ಬಸ್ಸಿಗೆ ಹೊರಟರು. ಕೊಂಬೆ ಯಾಕೆ ಎಂದೆ. "ಗಿಡ ನೋಡ್ದೆ ಎಂಗವ್ವ ಬರ್ಕೊಂಡಾರು?" ಎಂದರು.

ಅಬಕಾರಿ ಕಚೇರಿಯ ಮೇಜಿನ ಮೇಲೆ ಅವರು ಬಾಳೆಲೆ ಬಿಚ್ಚಿದಾಗ ಗುಮಾಸ್ತ ಕುರ್ಚಿಯಿಂದ ಎದ್ದುಬಿಟ್ಟನಂತೆ. "ಅನುಮತಿ ಅಂತ ಇದೆ ಕಣ್ರೀ, ಯಾರು ಕೊಡ್ಬೇಕು, ಹ್ಯಾಗೆ ಕೊಡ್ಬೇಕು ಅನ್ನೋದು ನಮಗೇ ಇನ್ನೂ ಬಂದಿಲ್ಲ. ಗಿಡ ಇದೆ ಅಂತ ನೀವಾಗೇ ತಂದು ತೋರಿಸಿದ್ಮೇಲೆ ನಾವು ಸುಮ್ನಿರೋಕಾಗತ್ತಾ?"

ಸಂಜೆ ಪಂಡಿತರು ಜೀಪಿನಲ್ಲಿ ಬಂದರು, ಪೊಲೀಸರ ನಡುವೆ. ಪೇದೆಗಳು ನಾಲ್ಕೂ ಗಿಡ ಕಿತ್ತರು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಹಸಿರು ಬೆರಳಿಗೆ ಮಸಿ ಹತ್ತಿತು. ಜೀಪು ಹತ್ತುವಾಗ ಬೇಲಿಯತ್ತ ತಿರುಗಿ ಹೇಳಿದ್ದು ಇಷ್ಟೇ: "ಇವತ್ತಿಂದು ಕಟ್ಟಿಟ್ಟಿವ್ನಿ, ಒಲೆ ಪಕ್ಕ ಅದೆ."

ಅದು ಕೊನೆಯ ಗುಳಿಗೆ. ನನ್ನ ಗಂಡ ಜಾಮೀನಿಗೆ ಅಲೆದರು. ಅತ್ತೆ ಮಂಚದ ಪಟ್ಟಿ ಹಿಡಿದುಕೊಂಡು, ದೀಪ ಹಚ್ಚಿದ ಕೂಡಲೇ "ಪಂಡಿತ ಬರ್ಲಿಲ್ವೇನೇ?" ಎಂದು ಕೇಳುತ್ತಿದ್ದರು. ಹನ್ನೆರಡನೆಯ ದಿನದ ಮೇಲೆ ಕೇಳಲಿಲ್ಲ. ಪಂಡಿತರು ಬಿಡುಗಡೆಯಾಗಿ ಬಂದಾಗ ಮಂಚ ಹೊರಗೆ ಬಿಸಿಲಲ್ಲಿತ್ತು. ಅದರ ಮುಂದೆ ನಿಂತು, "ಇನ್ನೊಂದೆಲ್ಡು ದಿನ ತಡೀಬಾರ್ದಿತ್ತಾ ತಾಯಿ" ಎಂದರು. ಆಮೇಲೆ ಅವರು ಯಾರಿಗೂ ಔಷಧಿ ಅರೆಯಲಿಲ್ಲ.

ಗೋಡೆಯ ಗೂಡಿಗೆ ಹಾಸಲು ಹಳೆಯ ಪತ್ರಿಕೆ ತೆಗೆದ ದಿನ ಆ ಸುದ್ದಿ ಮತ್ತೆ ಕೈಗೆ ಸಿಕ್ಕಿತು. ಕೊನೆಯ ಸಾಲು ನಾನು ಓದಿರಲೇ ಇಲ್ಲ: ಅನುಮತಿಯ ನಿಯಮಗಳನ್ನು ಸರ್ಕಾರ ಮುಂದೆ ಪ್ರಕಟಿಸಲಿದೆ. ಅದನ್ನು ಮಡಿಸಿ ಸೀರೆಗಳ ಅಡಿಯಲ್ಲಿಟ್ಟೆ. ಮೂರು ವರ್ಷ ಪಂಡಿತರಿಗೆ ಹೇಳಲು ಬಾಯಿ ಬರಲಿಲ್ಲ. ಕೇಸಿನ ತಾರೀಖುಗಳು ಮಾತ್ರ ಬರುತ್ತಿದ್ದವು. ಅವರು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಹೋಗಿ, ಪಕ್ಕದಲ್ಲಿ ಕೂತು, ಪೂರ್ತಿ ಓದಿ ಹೇಳಿದೆ.

ಅವರು ಸೂರು ನೋಡುತ್ತಲೇ ಹೇಳಿದರು: "ಅವತ್ತು ಹಾಲು ಉಕ್ತಲ್ಲ, ಗ್ಯಾನ ಅದೆ. ಪೂರಾ ಓದವ್ವ ಅಂತ ನಾನೂ ಕೇಳ್ಲಿಲ್ಲ. ನಿನ್ ಕೈ ನೋಡ್ತಿದ್ದೆ."

ಆ ವಾರವೇ ತೀರಿಕೊಂಡರು. ಹೆಬ್ಬೆರಳು ಅಷ್ಟು ಹೊತ್ತಿಗೆ ಉಳಿದ ಬೆರಳುಗಳ ಬಣ್ಣಕ್ಕೇ ಬಂದಿತ್ತು.

ನನ್ನ ಬೆರಳಿನಲ್ಲಿ ಆ ಸುಟ್ಟ ಕಲೆ ಇಲ್ಲ. ಎಷ್ಟೋ ಸಲ ಬೆಳಕಿಗೆ ಹಿಡಿದು ಹುಡುಕಿದ್ದೇನೆ.