ಡಲ್ಲಾಸಿನ ಶಾಯಿ, ಆಸ್ಟಿನ್‌ನ ಬಿಸಿಲು

ಬೆಳಿಗ್ಗೆ ಡಲ್ಲಾಸಿನ ಹೊರವಲಯದ ಪ್ರಾಸ್ಪರ್‌ನಿಂದ ಹೊರಟಾಗ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡು ಕೂತಿದ್ದದ್ದು ಒಂದು ಪೆಟ್ಟಿಗೆ ಶಾಯಿ. ಪ್ಲಾಸ್ಟಿಕ್ ಹಾಳೆಗೆ ಬಳಿದು ಒಣಗಿಸಿದರೆ ಬಿಸಿಲಿನಿಂದ ವಿದ್ಯುತ್ ಮಾಡುವ ಪಾಲಿಮರ್ ಶಾಯಿ. ಡಲ್ಲಾಸಿನ ನಮ್ಮ ಪುಟ್ಟ ಕಂಪನಿಯಲ್ಲಿ ಧಾರವಾಡದ ಮಲ್ಲಿಕಾರ್ಜುನ ಅದನ್ನು ವರ್ಷಗಟ್ಟಲೆ ತಿದ್ದಿದ್ದರು. ಮೈಸೂರಿನವಳಾದ ನಾನು ಅದರ ವಿದ್ಯುತ್ ಅಳೆಯುವವಳು. ಉಗುರಿನಷ್ಟು ತುಣುಕಿನಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತಿತ್ತು. ಆದರೆ ಉಗುರಿನಷ್ಟನ್ನು ಯಾರು ಕೊಳ್ಳುತ್ತಾರೆ? ಪತ್ರಿಕೆಯ ಹಾಗೆ ಸುರುಳಿಗಟ್ಟಲೆ ಅಚ್ಚಾಗಬೇಕು. ಈ ಸಲವೂ ಆಗದಿದ್ದರೆ ಯೋಜನೆ ಮುಚ್ಚುವುದಾಗಿ ಕಂಪನಿ ಹೇಳಿಬಿಟ್ಟಿತ್ತು.

ಅಚ್ಚು ಹಾಕಿಸಬೇಕಿದ್ದ ಹ್ಯೂಸ್ಟನ್‌ಗೆ ಸುಮಾರು ಇನ್ನೂರ ಎಂಬತ್ತು ಮೈಲಿ. ದಾರಿಯಲ್ಲಿ ಕೊಲಾಚಿ ಎಂಬ, ಹಣ್ಣಿನ ಜಾಮು ತುಂಬಿದ ಬನ್ನು ತಿಂದೆವು. "ನೀವು ಡ್ರೈವ್ ಮಾಡ್ರಿ, ನಾ ಶಾಯಿ ನೋಡ್ಕೋತೀನಿ" ಎಂದ ಮಲ್ಲಿಕಾರ್ಜುನ ಅರ್ಧ ದಾರಿ ಹಿಂದಕ್ಕೆ ತಿರುಗಿಯೇ ಕೂತಿದ್ದರು.

ಹ್ಯೂಸ್ಟನ್‌ನಲ್ಲಿ ಕಾರಿನಿಂದಿಳಿದರೆ ಹೊರಗೆ ಇಡ್ಲಿ ಪಾತ್ರೆಯ ಹಬೆ. ಪ್ರೆಸ್ಸಿನ ಒಳಗೆ ಕಾಲಿಟ್ಟರೆ ಎಸಿಯ ಕೊರೆಯುವ ಚಳಿ. ಅದು ಚಿಪ್ಸ್ ಪೊಟ್ಟಣ ಅಚ್ಚು ಹಾಕುವ ಪ್ರೆಸ್. ಒಡತಿ ಲಿಂಡಾ ನಮಗಾಗಿ ಒಂದು ಯಂತ್ರ ಬಿಟ್ಟುಕೊಟ್ಟಿದ್ದಳು. ಮೊದಲ ಸುರುಳಿ ಹೊರಬಂತು. ಮೈತುಂಬ ಗಂಟು, ಗೀರು. ತಂತಿ ತಾಗಿಸಿ ಅಳೆದು ನೋಡಿದೆ, ವಿದ್ಯುತ್ ಹೆಸರಿಗಷ್ಟೇ ಇತ್ತು. ಮಲ್ಲಿಕಾರ್ಜುನ ಹಾಳೆಯನ್ನು ಬೆರಳಿನಿಂದ ಸವರುತ್ತ ನಿಂತರು.

ನನಗೆ ಚಳಿ ತಡೆಯದೆ ಸ್ವೆಟರ್ ಹುಡುಕುತ್ತಿದ್ದಾಗ ಕಣ್ಣು ಶಾಯಿಯ ತಟ್ಟೆಯ ಮೇಲೆ ಬಿತ್ತು. ಶಾಯಿ ಚಳಿಗಾಲದ ತುಪ್ಪದಂತೆ ಹೆಪ್ಪುಗಟ್ಟುತ್ತಿತ್ತು.

"ಮಲ್ಲಿಕಾರ್ಜುನ್, ಶಾಯಿಗೂ ಚಳಿ ಆಗ್ತಿದೆ!"

ಅವರು ಹಣೆ ಚಚ್ಚಿಕೊಂಡರು. "ಲ್ಯಾಬಿನ್ಯಾಗ ಬೆಚ್ಚಗಿನ ಪ್ಲೇಟ್ ಮ್ಯಾಲ ಇಡ್ತಿದ್ವಿ. ಇಲ್ಲಿ ಮರತೇಬಿಟ್ವಿ ನೋಡ್ರಿ!"

ಎಸಿ ನಿಲ್ಲಿಸಲು ಕೇಳಿದಾಗ ಲಿಂಡಾ, "ಟೆಕ್ಸಾಸ್‌ನಲ್ಲಿ ಬೇಸಿಗೆಯಲ್ಲಿ ಎಸಿ ಬೇಡ ಅಂದವರು ನೀವೇ ಮೊದಲು" ಎಂದು ನಕ್ಕಳು. ಉಳಿದ ಶಾಯಿಯನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು, ತಟ್ಟೆಯನ್ನೂ ಉರುಳೆಯನ್ನೂ ಬೆಚ್ಚಗಾಗಿಸಿ ಮತ್ತೆ ಅಚ್ಚು ಹಾಕಿದೆವು. ಎಲ್ಲರೂ ಬೆವರಿ ತೊಪ್ಪೆಯಾದೆವು. ಹಾಳೆ ಮಾತ್ರ ಕಡುನೀಲಿಯಾಗಿ, ನುಣ್ಣಗೆ ಬಂತು. ವಿದ್ಯುತ್ ಹೊರತರಲು ಮೇಲೆ ಬೆಳ್ಳಿಯ ಗೆರೆ ಎಳೆಸಿ, ಗಾಳಿ ತಾಗದಂತೆ ಲ್ಯಾಮಿನೇಟ್ ಮಾಡಿಸಿದೆವು.

ಮರುದಿನ ಹಾಳೆಯನ್ನು ಪರೀಕ್ಷೆ ಮಾಡಿಸಲು ಆಸ್ಟಿನ್. ಊರಂಚಿನ ರೌಂಡ್ ರಾಕ್‌ನಲ್ಲಿ ಮಸಾಲೆ ದೋಸೆ ತರಿಸಿದರೂ ಮಲ್ಲಿಕಾರ್ಜುನ ಅರ್ಧಕ್ಕೇ ಬಿಟ್ಟರು. ಹತ್ತಿರದ ಪರೀಕ್ಷಾ ಕೇಂದ್ರದಲ್ಲಿ ಗ್ರೇಸ್ ಎಂಬ ಎಂಜಿನಿಯರ್ ಹಾಳೆಯನ್ನು ದೀಪದ ಕೆಳಗಿಟ್ಟು ಅಳೆದಳು. ಒಮ್ಮೆ ಅಳೆದವಳು ಹುಬ್ಬೇರಿಸಿ ಮತ್ತೊಮ್ಮೆ ಅಳೆದಳು.

"ನಿಮ್ಮ ಉಗುರಿನಷ್ಟು ತುಣುಕಿಗಿಂತ ಸ್ವಲ್ಪವೇ ಕಡಿಮೆ. ಇಷ್ಟು ದೊಡ್ಡ ಹಾಳೆಗೆ ಇದು ಬಹಳ ಚೆನ್ನಾಗಿದೆ."

ಮಲ್ಲಿಕಾರ್ಜುನ ಥ್ಯಾಂಕ್ಸ್ ಹೇಳಿ ಸರಸರನೆ ಹೊರಗೆ ಹೋದರು. ಹಿಂದೆ ಹೋದರೆ ಮರದ ನೆರಳಿನಲ್ಲಿ ನಿಂತು ಹೆಂಡತಿಗೆ ಫೋನ್ ಮಾಡುತ್ತಿದ್ದರು. "ಏನಿಲ್ಲ, ಸುಮ್ನ ಮಾಡಿದೆ... ಹೂಂ, ಆತು... ಆತು ಅಂದ್ನಲ್ಲ!" ನನ್ನನ್ನು ಕಂಡು ಮರದ ಕಡೆ ಮುಖ ತಿರುಗಿಸಿಕೊಂಡರು. ನಾನು ಕಾರಿನ ಬೀಗದ ಕೈ ಹುಡುಕುವವಳಂತೆ ಚೀಲದಲ್ಲಿ ಕೈಯಾಡಿಸಿದೆ.

ಇನ್ನು ಉಳಿದದ್ದು ಬಾಳಿಕೆಯ ಪ್ರಶ್ನೆ. ಹಾಳೆ ಎಷ್ಟು ತಿಂಗಳು ತಾಳುತ್ತದೆಂದು ನೋಡಲು ಗ್ರೇಸ್ ಅದನ್ನು ಅಂಗಳದ ಚೌಕಟ್ಟಿಗೆ ಕಟ್ಟಿದಳು. ಕಂಪನಿಗೆ ಫೋನ್ ಮಾಡಿದೆವು. ಯೋಜನೆ ಮುಂದುವರಿಯಲಿ ಎಂಬ ಉತ್ತರ ಬಂತು.

ಡಲ್ಲಾಸಿನ ದಾರಿ ಹಿಡಿಯಲು ಕಾರು ತಿರುಗಿಸಿದಾಗ ಮಲ್ಲಿಕಾರ್ಜುನ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು. ನೀಲಿ ಹಾಳೆ ಬಿಸಿಲಿಗೆ ಮಿಂಚುತ್ತಿತ್ತು.

"ಹಪ್ಪಳ ಒಣಾಕ ಹಾಕಿ ಮನಿಗೆ ಹೊಂಟಂಗ ಆತಲ್ರಿ. ಹಕ್ಕಿ-ಗಿಕ್ಕಿ ಬರ್ತಾವೇನೋ!"

"ಕಾಯೋಕೆ ಗ್ರೇಸ್ ಇದ್ದಾಳೆ, ತಲೆ ಒಳಗೆ ತಗೊಳ್ಳಿ" ಎಂದೆ. ಅವರು ತಿರುವು ದಾಟುವವರೆಗೂ ತಗೊಳ್ಳಲಿಲ್ಲ.