ಸತ್ತವರ ಹೊಟ್ಟೆ ಹೊತ್ತವರು

ಸೇಡಂನಿಂದ ಶಹಾಬಾದಿನವರೆಗೆ ಆಚಾರವಂತರ ಯಾವ ಮನೆಯಲ್ಲಿ ಹಿರಿಯರ ಶ್ರಾದ್ಧವಾದರೂ ಮೊದಲ ಕರೆ ಬರುತ್ತಿದ್ದದ್ದು ಸೇಡಂನ ನಂದಕಿಶೋರಾಚಾರ್ಯರಿಗೆ. ಅವರದು ಸುಲಭದ ಕೆಲಸವೆಂದು ತಿಳಿಯಬೇಡಿ. ಸತ್ತವರು ಬಂದು ಉಣ್ಣಲಾರರು; ಅವರ ಪರವಾಗಿ ಬದುಕಿರುವವನೊಬ್ಬ ಪಿತೃಸ್ಥಾನದ ಮಣೆಯ ಮೇಲೆ ಕುಳಿತು ಉಣ್ಣಬೇಕು. ಅವನು ಉಂಡರೆ ಅವರು ಉಂಡಂತೆ. ಊಟದ ನಡುವೆ ಮಾತಾಡುವಂತಿಲ್ಲ. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೆ ಮನೆಯವರು ಸಂಕೋಚವೆಂದು ತಿಳಿದು ಇನ್ನೆರಡು ಹಾಕುತ್ತಾರೆ. ಕೊನೆಗೆ ಶ್ರಾದ್ಧದ ಕರ್ತೃ ಕೈಮುಗಿದು ತೃಪ್ತಿಯಾಯಿತೇ ಎಂದು ಕೇಳುತ್ತಾನೆ, ಉಂಡವನು ತೃಪ್ತಿ ಎನ್ನುತ್ತಾನೆ. ಅಷ್ಟು ಶಾಸ್ತ್ರ. ಆದರೆ ಆ ಸೀಮೆಯ ಜನ ಬರೀ ಬಾಯಿಮಾತು ನಂಬುವವರಲ್ಲ. ಹಿಂದೆಯೇ ಒಂದು ದೊಡ್ಡ ತೇಗು ಬರಬೇಕು. ತೇಗು ಬಂದರೆ ಪಿತೃಲೋಕದಿಂದ ರಸೀದಿ ಬಂದಂತೆ.

ಆಚಾರ್ಯರ ತೇಗು ಮೂರನೆಯ ಮನೆಗೆ ಕೇಳುತ್ತಿತ್ತು.

ಇಂಥ ಮಹಾರಥಿಗೆ ಜೊತೆಯಾಗಿ ಚಿತ್ತಾಪುರದ ವಿಠ್ಠಲಾಚಾರ್ಯರಿದ್ದರು. ಇವರು ಪಿತೃಸ್ಥಾನಕ್ಕೆ, ಅವರು ಪಕ್ಕದಲ್ಲಿ ದೇವರ ಪಾಲಿಗೆ ಹಾಕಿದ ಮಣೆಗೆ. ವಡೆಯ ವ್ಯೂಹವಿರಲಿ, ರವೆ ಉಂಡೆಯ ಗುಡ್ಡವಿರಲಿ, ಪಾಯಸದ ಮಡುವಿರಲಿ, ಈ ಜೋಡಿ ಬೆನ್ನು ತೋರಿಸಿ ಬಂದದ್ದಿಲ್ಲ. ಯುದ್ಧ ಮುಗಿದ ಮೇಲೆ ಶಹಾಬಾದ್ ಕಲ್ಲಿನ ತಣ್ಣನೆಯ ನೆಲದ ಮೇಲೆ ಅಡ್ಡಾಗುವುದು; ಬಿಸಿಲು ಇಳಿದ ಮೇಲೆ ಒಂದೇ ಮೋಟರ್ ಸೈಕಲ್ಲಿನಲ್ಲಿ ಇಬ್ಬರೂ ಊರಿಗೆ. ಹಿಂದೆ ಕುಳಿತ ವಿಠ್ಠಲಾಚಾರ್ಯರ ಉಸಿರು ಸೀಟಿ ಹೊಡೆಯುತ್ತಿತ್ತು. ಹಾರ್ನು ಕೆಟ್ಟರೂ ಚಿಂತೆಯಿಲ್ಲ ಎಂದು ಇವರು ನಗುತ್ತಿದ್ದರು.

ಕಳೆದ ವರ್ಷ ವಾಡಿಯಲ್ಲಿ ಒಂದು ಊಟ; ಅಂದು ಇಬ್ಬರೂ ಗಾಡಿ ಬಿಟ್ಟು ರೈಲಿನಲ್ಲಿ ಹೋಗಿದ್ದರು. ವಿಠ್ಠಲಾಚಾರ್ಯರು ಅಂದು ನಡುವೆಯೇ ಎಲೆಗೆ ಕೈ ಅಡ್ಡ ಹಿಡಿದರು. ಬಡಿಸುವವನು ಅನುಮಾನಿಸಿ ನಿಂತಾಗ ನಂದಕಿಶೋರಾಚಾರ್ಯರೇ ಕಣ್ಣು ಮಿಟುಕಿಸಿ, ಹಾಕು ಎಂದು ಸನ್ನೆ ಮಾಡಿದರು. ಹಾಕಿದ. ಅವರು ಉಂಡರು. ಊಟದ ನಂತರ ರೈಲು ನಿಲ್ದಾಣದ ಮೆಟ್ಟಿಲು ಹತ್ತುವಾಗ ನಡುವೆ ಕುಳಿತುಬಿಟ್ಟರು. ಮುಖ ಬೆವರಿತ್ತು, ಎಡಗೈ ಎದೆಯ ಮೇಲಿತ್ತು.

"ಗ್ಯಾಸ್ ಆಗ್ಯದ ನಂದ್ಯಾ. ಒಂದು ಸೋಡಾ ತಗೊಂಡ್ ಬಾ."

ಇವರಿಗೂ ಗ್ಯಾಸೆಂದೇ ಅನಿಸಿತು. ದವಾಖಾನೆಯ ಕಡೆ ಓಡುವ ಬದಲು ಸೋಡಾ ಅಂಗಡಿಯ ಕಡೆ ಓಡಿದರು. ಬಾಟಲಿ ಹಿಡಿದು ಬರುವಷ್ಟರಲ್ಲಿ ಸೀಟಿ ನಿಂತಿತ್ತು.

ನಿಂತಿತ್ತು ಎಂದದ್ದು ಲೋಕದ ಲೆಕ್ಕ. ಆಚಾರ್ಯರಿಗೆ ಅದು ಕೇಳಿಸುತ್ತಲೇ ಇತ್ತು. ಗುಡಿಯ ಮೆಟ್ಟಿಲು ಹತ್ತಿದರೆ ಬೆನ್ನ ಹಿಂದೆ ಅದೇ ಸೀಟಿ. ತಿರುಗಿದರೆ ಯಾರೂ ಇಲ್ಲ. ಮೋಟರ್ ಸೈಕಲ್ಲಿನ ಹಿಂದಿನ ಸ್ಪ್ರಿಂಗು ಕುಸಿದದ್ದು ಮೇಲೇಳಲೇ ಇಲ್ಲ. ಸ್ಪ್ರಿಂಗು ಸತ್ತದ ಎಂದ ಮೆಕ್ಯಾನಿಕ್. ಸತ್ತದ್ದು ಸ್ಪ್ರಿಂಗಲ್ಲ, ಅದರ ಮೇಲೆ ಕುಳಿತವನು ಎಂದು ಹೇಳುವ ಧೈರ್ಯ ಆಚಾರ್ಯರಿಗಾಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟರೆ ಒಳಗೆ ತಾವು ಯಾರ ಶ್ರಾದ್ಧ ಉಂಡಿದ್ದರೋ ಆ ಸತ್ತವರು, ಸೇಡಂನ ಮಾಸ್ತರರು, ವಾಡಿಯ ರೈಲ್ವೆ ಗಾರ್ಡು, ಶಹಾಬಾದಿನ ಅಜ್ಜಿಯರು, ಎಲ್ಲ ಸಾಲಾಗಿ ಕುಳಿತು ಮುಂದಿನ ಎಲೆಗೆ ಕಾಯುತ್ತಿದ್ದಂತೆ ಅನಿಸುತ್ತಿತ್ತು.

ಹೆಂಡತಿ ಪ್ರಮಿತಾ ಒಂದು ದಿನ ಮಜ್ಜಿಗೆ ಕೊಡುತ್ತ ಹೇಳಿದಳು: "ಮಧ್ಯಾಹ್ನ ಮಲಗಿದಾಗ ನಿಮ್ಮ ಗೊರಕಿ ನಡುವ ನಿಂತಬಿಡ್ತದ್ರಿ, ಉಸುರೇ ಇರಲ್ಲ. ನಾ ಮೂಗಿನ ಹತ್ರ ಬೆರಳು ಹಿಡಕೊಂಡು ಕುಂದರ್ತೀನಿ. ವಿಠ್ಠಲಾಚಾರ್ರಿಗೂ ಹಿಂಗೇ ಆಗ್ತಿತ್ತಂತ, ಅವರ ಮನಿಯವ್ರು ನರ್ಮದಾ ವೈನಿ ಅಂದ್ರು. ನಾಳಿ ಶಹಾಬಾದಿಗೆ ಹೋಗೂಣು."

ಶಹಾಬಾದಿನ ಡಾಕ್ಟರ್ ಶ್ರುತಿ ಆಚಾರ್ಯರ ಸೊಂಟಕ್ಕೆ ಟೇಪು ಸುತ್ತಿದರು. ಟೇಪು ಸೋತಿತು. ರಕ್ತದ ವರದಿ ನೋಡಿದರು, ತೋಳಿಗೆ ಪಟ್ಟಿ ಕಟ್ಟಿ ನೋಡಿದರು.

"ಆಚಾರ್ರೆ, ಸಕ್ಕರಿ ಏರ್ಯದ, ಬಿ.ಪಿ. ಏರ್ಯದ, ಲಿವರಿನಾಗ ಕೊಬ್ಬು ತುಂಬ್ಯದ. ಕುತ್ತಿಗಿ ದಪ್ಪಾಗಿ ನಿದ್ದಿಯಾಗ ಉಸುರು ಕಟ್ಟಾಕತ್ತದ. ಹಿಂಗೇ ಬಿಟ್ರ ಮುಂದ ಹಾರ್ಟಿಗೇ ಬರ್ತದ."

"ನಾ ಒಬ್ಬಾಂವನೇ ಏನ್ರಿ ಹಿಂಗ?"

"ಒಬ್ರೇ ಎಲ್ಲಿ? ಹೊರಗ ಕುಂತವ್ರನ್ನ ನೋಡ್ರಿ. ಮೊದಲ ಬಡಕಲ ಮಂದಿ ಬರ್ತಿದ್ರು, ಈಗ ದಪ್ಪನ ಮಂದಿ ಬರಾಕತ್ತಾರ. ಆಫೀಸಿನಾಗ ಕುಂತು, ಗಾಡಿ ಮ್ಯಾಲ ಕುಂತು, ಮನಿಯಾಗ ಟಿ.ವಿ. ಮುಂದ ಕುಂತು. ಸಾಲಿ ಹುಡುಗ್ರ ಕೈಯಾಗ ಚಿಪ್ಸಿನ ಪಾಕೀಟು. ಕೆಲವ್ರಿಗೆ ಮನೆತನದಿಂದನೂ ಬರ್ತದ. ನಿಮಗೇನಾಗ್ಯದ?"

ಆಚಾರ್ಯರು ಎದೆಯುಬ್ಬಿಸಿದರು. ಹೊಟ್ಟೆಯೂ ಜೊತೆಗೆ ಉಬ್ಬಿತು. "ಅವ್ರು ತಮ್ಮ ಸಲುವಾಗಿ ಉಣ್ತಾರ. ನಾ ಸತ್ತವ್ರ ಸಲುವಾಗಿ ಉಣ್ತೀನ್ರಿ."

"ಊಟ ಸತ್ತವ್ರಿಗೇ ಹೋಗ್ಲಿ, ಆಚಾರ್ರೆ. ಕೊಬ್ಬು ಯಾರಿಗೆ ಹೋಗ್ಯದ?"

ಇಷ್ಟು ವರ್ಷ ಯಾವ ಪಂಡಿತನೂ ಎತ್ತದ ಪ್ರಶ್ನೆ. ಆಚಾರ್ಯರು ಶಲ್ಯ ಎಳೆದು ಹೊಟ್ಟೆ ಮುಚ್ಚಿಕೊಂಡರು. ಅರ್ಧ ಹೊಟ್ಟೆ ಉಣ್ಣಿ, ದಿನಾ ನಡೆಯಿರಿ, ಗುಳಿಗೆ ತಪ್ಪಿಸಬೇಡಿ, ಉಸಿರಿನ ತಪಾಸಣೆಗೆ ಕಲಬುರಗಿಗೆ ಹೋಗಿ ಬನ್ನಿ ಎಂದರು ಡಾಕ್ಟರು. ಬಾಗಿಲು ದಾಟುವಾಗ ಮತ್ತೆ ಅದೇ ಸೀಟಿ ಕೇಳಿಸಿತು.

ಮರುವಾರ ವಿಠ್ಠಲಾಚಾರ್ಯರ ಮಗ ಪ್ರಾಣೇಶ ಬಂದು ಅಡ್ಡಬಿದ್ದ.

"ಕಾಕಾ, ಅಪ್ಪನ ವರ್ಷದ ಶ್ರಾದ್ಧ ಬಂತು. ಅಪ್ಪನ ಜಾಗಾದಾಗ ನೀವೇ ಕುಂದರಬೇಕು. ಅವ್ವ ರವಾ ಉಂಡಿ ಮಾಡ್ಸಾಕತ್ತಾಳ. ಅಪ್ಪಗ ಭಾಳ ಸೇರ್ತಿದ್ವು."

ಆಚಾರ್ಯರ ಹೊಟ್ಟೆಯೊಳಗಿನ ಸಾಲು ಗುಸುಗುಸು ಎಂದಿತು. ಎಲ್ಲ ಉಂಡರೆ ತಾವೇ ಆ ಸಾಲಿಗೆ ಸೇರುವ ದಿನ ಹತ್ತಿರ. ಉಣ್ಣದಿದ್ದರೆ ಗೆಳೆಯ ಹಸಿದು ಹೋಗುತ್ತಾನೆ. ಅದೂ ತನ್ನ ಮನೆಯಿಂದಲೇ. ಬರ್ತೀನಿ ನಡಿ ಎಂದರು.

ಚಿತ್ತಾಪುರದ ಮನೆಯಲ್ಲಿ ಪ್ರಾಣೇಶ ಕಾಲು ತೊಳೆದು ಮಣೆಯ ಮೇಲೆ ಕೂರಿಸಿದ. ಮುಂದೆ ಎಲೆ, ಎಲೆಯ ತುಂಬ ವಡೆ, ಎಳ್ಳುಂಡೆ, ಪಾಯಸ. ನಡುವೆ ತುಪ್ಪದಲ್ಲಿ ಮಿಂದ ರವೆ ಉಂಡೆಗಳು ದಂಡು ಕಟ್ಟಿಕೊಂಡು ನಿಂತಿದ್ದವು. ಆಚಾರ್ಯರು ಎಲ್ಲದರ ರುಚಿ ನೋಡಿದರು. ಒಂದು ಉಂಡೆ ಇಳಿಯಿತು. ಎರಡನೆಯದಕ್ಕೆ ಪ್ರಾಣೇಶ ಬಾಗಿದಾಗ ಆಚಾರ್ಯರ ಕೈ ಎಲೆಗೆ ಅಡ್ಡ ಬಂತು. ತಾವು ಚಾಚಿದ್ದೆಂದು ಅವರಿಗೆ ಅನಿಸಲೇ ಇಲ್ಲ. ವಾಡಿಯಲ್ಲಿ ನೋಡಿದ ಕೈಯೇ ಅದು. ಹಾಗೆಯೇ ಬೆರಳು ಅಗಲಿಸಿ ನಿಂತಿತ್ತು.

"ಕಾಕಾ ನಾಚಕೊಳ್ಳಾಕತ್ತಾರ" ಎಂದು ಪ್ರಾಣೇಶ ನಕ್ಕು, ಉಂಡೆಯನ್ನು ಬೆರಳ ಸಂದಿಯಿಂದ ಜಾರಿಸಲು ನೋಡಿದ. ಕೈ ಕದಲಲಿಲ್ಲ. ಉಂಡೆ ಅದರ ಮೇಲೆಯೇ ಕುಳಿತಿತ್ತು.

ಬಹಳ ಹೊತ್ತಾದರೂ ಕೈ ಸರಿಯದಿದ್ದಾಗ ಪ್ರಾಣೇಶ ಗೊಂದಲದಿಂದ ಕೈಮುಗಿದ. ತೃಪ್ತಿಯಾಯಿತೇ ಎಂದು ಕೇಳಿದ.

"ತೃಪ್ತಿ."

ಎಲ್ಲರೂ ತೇಗಿಗೆ ಕಾದರು. ಬರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ವಿಠ್ಠಲಾಚಾರ್ಯರ ಹೆಂಡತಿ ನರ್ಮದಾ ನಿಂತಿದ್ದರು. "ಇದೇನ್ರಿ ಆಚಾರ್ರೆ? ಎಲಿ ತುಂಬ ಹಂಗೇ ಅದ. ನಮ್ಮವರು ಇಷ್ಟಕ್ಕ ಸಾಕು ಅಂದವರೇ ಅಲ್ಲ."

"ಅಂದಿದ್ರು ವೈನಿ." ಆಚಾರ್ಯರು ಕೈ ತೆಗೆಯದೆಯೇ ಹೇಳಿದರು. "ವಾಡಿಯಾಗ ಹಿಂಗೇ ಕೈ ಹಿಡಿದಿದ್ರು. ಹಾಕು ಅಂತ ಸನ್ನಿ ಮಾಡಿದಾಂವ ನಾನೇ."

ನರ್ಮದಾ ಬಾಗಿಲು ಬಿಟ್ಟು ಮುಂದೆ ಬಂದರು. ಆಚಾರ್ಯರ ಕೈ ಮೇಲಿನ ಉಂಡೆಯನ್ನು ತಾವೇ ತೆಗೆದುಕೊಂಡು ಒಳಗೆ ಹೋದರು.

ಬಿಸಿಲು ಇಳಿದ ಮೇಲೆ ಆಚಾರ್ಯರು ಹೊರಬಂದರು. ಮೋಟರ್ ಸೈಕಲ್ಲಿನ ಹಿಂಬದಿ ಎಂದಿನಂತೆ ಕುಸಿದಿತ್ತು.

"ಇಳಿಯೋ ವಿಠ್ಠಲ್ಯಾ, ನಿನ್ನ ಮನಿ ಬಂತು" ಎಂದರು ಮೆಲ್ಲಗೆ. ಸ್ಪ್ರಿಂಗು ಕದಲಲಿಲ್ಲ.

ಡಾಕ್ಟರು ನಡೆಯಿರಿ ಎಂದಿದ್ದರಲ್ಲ. ಊರು ದಾಟುವವರೆಗಾದರೂ ನಡೆಯೋಣವೆಂದು ಆಚಾರ್ಯರು ಗಾಡಿ ಹತ್ತದೆ, ಹ್ಯಾಂಡಲ್ ಹಿಡಿದು ದೂಡುತ್ತ ಸೇಡಂ ರಸ್ತೆಗೆ ಇಳಿದರು. ಹಿಂದಿನಿಂದ ಸೀಟಿ ಬರುತ್ತಲೇ ಇತ್ತು. ಇವರು ನಿಂತು ಏದುಸಿರು ಇಳಿಸಿಕೊಂಡರೆ ಅದೂ ತುಸು ಹೊತ್ತಿಗೆ ನಿಲ್ಲುತ್ತಿತ್ತು.